ಮೌನಿಗೆ ಬಂದ ಮನಿಲಾ ಫೋನು

ನಾನು ಅಮೆರಿಕದಲ್ಲಿ ಹನ್ನೊಂದು ವರ್ಷ ಇದ್ದು ಬಂದವನು ಎಂಬುದನ್ನು ನಮ್ಮ ಓಣಿಯಲ್ಲಿ ಯಾರೂ ಮರೆಯದಂತೆ ನೋಡಿಕೊಂಡಿದ್ದೇನೆ. 2004ರಲ್ಲೇ ವಿಜಯಪುರಕ್ಕೆ ಮರಳಿದರೂ ಇವತ್ತಿಗೂ ನನ್ನ ಮಾತು ಸುರುವಾಗುವುದು ‘ನಾವು ಅಲ್ಲಿದ್ದಾಗ’ ಎಂದೇ. ಹಾಲು ಒಡೆದರೂ ‘ನಾವು ಅಲ್ಲಿದ್ದಾಗ’, ಕರೆಂಟು ಹೋದರೂ ‘ನಾವು ಅಲ್ಲಿದ್ದಾಗ’. ಹೆಂಡತಿ ಈ ಎರಡು ಶಬ್ದ ಕಿವಿಗೆ ಬಿದ್ದ ಕೂಡಲೇ ಮಿಕ್ಸರ್ ಚಾಲೂ ಮಾಡುತ್ತಾಳೆ. ಅದರೊಳಗೆ ಏನೂ ಇರುವುದಿಲ್ಲ.

ಇಂಥ ನಾನು ಅಮೆರಿಕದ ಪಿಂಚಣಿಗೆ ಅರ್ಜಿ ಹಾಕಲು ಹೋಗಿ ಇಗತಪುರಿಯಲ್ಲಿ ಮರ್ಯಾದೆ ಕಳೆದುಕೊಂಡ ಕತೆ ಇದು. ಕಳೆದುಕೊಂಡದ್ದು ಅಮೆರಿಕದವರ ಮುಂದಾಗಿದ್ದರೆ ಚಿಂತೆಯಿರಲಿಲ್ಲ. ಅಕ್ಕ-ಭಾವನ ಮುಂದೆ ಹೋದದ್ದು ವಾಪಸು ಬರುವುದಿಲ್ಲ.

ಅಮೆರಿಕದಲ್ಲಿ ಸರ್ಕಾರದ ಪಿಂಚಣಿ ಸರ್ಕಾರಿ ನೌಕರರಿಗೆ ಮಾತ್ರ ಅಲ್ಲ. ಖಾಸಗಿ ಕಂಪನಿಯಲ್ಲಿ ದುಡಿದವನ ಸಂಬಳದಲ್ಲೂ ನೂರಕ್ಕೆ 6.2ರಂತೆ ಮುರಿದುಕೊಂಡು, ಕಂಪನಿಯಿಂದಲೂ ಅಷ್ಟೇ ವಸೂಲಿ ಮಾಡಿ, ಮುಪ್ಪಿನಲ್ಲಿ ತಿಂಗಳು ತಿಂಗಳು ಕೊಡುತ್ತಾರೆ. ಅದರ ಹೆಸರು ಸೋಷಿಯಲ್ ಸೆಕ್ಯೂರಿಟಿ. 1935ರಲ್ಲಿ ರೂಸ್‌ವೆಲ್ಟ್ ಸಹಿ ಹಾಕಿದ ಕಾಯಿದೆ. ತಿಂಗಳ ಪಿಂಚಣಿಯ ಮೊಟ್ಟಮೊದಲ ಚೆಕ್ಕು ಹೋದದ್ದು 1940ರ ಜನವರಿ 31ರಂದು, ವರ್ಮಾಂಟ್ ರಾಜ್ಯದ ಐಡಾ ಮೇ ಫುಲರ್ ಎಂಬ ಹೆಣ್ಣುಮಗಳಿಗೆ. 22 ಡಾಲರ್ 54 ಸೆಂಟ್. ಆಕೆ ಅದುವರೆಗೆ ಕಟ್ಟಿದ್ದ ತೆರಿಗೆ ಎಲ್ಲ ಕೂಡಿ 24 ಡಾಲರ್ 75 ಸೆಂಟ್. ಆಮೇಲೆ ಆಕೆ ನೂರು ವರ್ಷ ತುಂಬುವ ತನಕ ಬದುಕಿ ಒಟ್ಟು 22,888 ಡಾಲರ್ 92 ಸೆಂಟ್ ತೆಗೆದುಕೊಂಡೇ ಹೋದಳು. ಈ ಕತೆ ಓದಿದ ಮರುದಿನದಿಂದಲೇ ನಾನು ಬೆಳಗಿನ ವಾಕಿಂಗ್ ಸುರು ಮಾಡಿದೆ.

ಈ ಪಿಂಚಣಿ ಸಿಗಬೇಕಾದರೆ ನಲವತ್ತು ಕ್ರೆಡಿಟ್ ಆಗಿರಬೇಕು. ವರ್ಷಕ್ಕೆ ಹೆಚ್ಚೆಂದರೆ ನಾಲ್ಕು. ಮೂವತ್ತೊಂಬತ್ತಕ್ಕೆ ನಿಂತರೆ ನಮ್ಮ ಕಾಲದ ಎಸ್ಸೆಸ್ಸೆಲ್ಸಿ ಗಣಿತದಲ್ಲಿ 34 ಬಂದ ಹಾಗೆ, ಮೇಲೆ ಗ್ರೇಸ್ ಮಾರ್ಕೂ ಇಲ್ಲ. ಕೆಲವು ದೇಶಗಳ ಜೊತೆ ಅಮೆರಿಕದ ಒಪ್ಪಂದವಿದೆ. ಅಲ್ಲಿ ದುಡಿದದ್ದನ್ನೂ ಇಲ್ಲಿ ದುಡಿದದ್ದನ್ನೂ ಕೂಡಿಸಿ ಲೆಕ್ಕ ಹಾಕುತ್ತಾರೆ. ಭಾರತದ ಜೊತೆ ಆ ಒಪ್ಪಂದ ಇಲ್ಲ. ನನ್ನದು ಹನ್ನೊಂದು ನಾಲ್ಕಲೆ ನಲವತ್ತನಾಲ್ಕು. ಪಾಸು.

ನಾನು ಹುಟ್ಟಿದ್ದು 1958ರ ಏಪ್ರಿಲ್‌ನಲ್ಲಿ. ಆ ವರ್ಷ ಹುಟ್ಟಿದವರಿಗೆ ಪೂರ್ತಿ ಪಿಂಚಣಿಯ ವಯಸ್ಸು 66 ವರ್ಷ 8 ತಿಂಗಳು. ನಮ್ಮ ಕಡೆ ಕೂಸಿನ ವಯಸ್ಸನ್ನು ಬಿಟ್ಟರೆ ಇಷ್ಟು ನಿಖರವಾಗಿ ಯಾರ ತಿಂಗಳನ್ನೂ ಎಣಿಸುವುದಿಲ್ಲ. ಅಂತೂ 2024ರ ಡಿಸೆಂಬರಿಗೆ ನಾನು ಕೂಸಾಗುವವನಿದ್ದೆ. ತಿಂಗಳಿಗೆ ಸುಮಾರು 1,200 ಡಾಲರ್ ಬರಬಹುದೆಂದು ಲೆಕ್ಕ ಹಾಕಿದೆ. ಆಗ ಡಾಲರಿಗೆ 84 ರೂಪಾಯಿ. ಲಕ್ಷದ ಮೇಲೆ ಎಂಟು ನೂರು. ಆ ಎಂಟು ನೂರನ್ನು ಯಾವುದಾದರೂ ಮಠಕ್ಕೆ ಕೊಡಬೇಕೆಂದೂ ನಿಶ್ಚಯ ಮಾಡಿದೆ.

ಭಾರತದಲ್ಲಿ ಕುಳಿತು ಈ ಅರ್ಜಿ ಹಾಕುವವನು ಯಾರನ್ನು ಕೇಳಬೇಕು? ದೆಹಲಿಯಲ್ಲ, ಮುಂಬೈ ಅಲ್ಲ. ನಮ್ಮ ಪಾಲಿನ ವ್ಯವಹಾರವೆಲ್ಲ ಫಿಲಿಪ್ಪೀನ್ಸ್ ದೇಶದ ಮನಿಲಾದಲ್ಲಿರುವ ಅಮೆರಿಕದ ರಾಯಭಾರ ಕಚೇರಿಯದು. ಅದರಲ್ಲೊಂದು ವಿಭಾಗ ಈ ಪಿಂಚಣಿಗಳನ್ನು ನೋಡಿಕೊಳ್ಳುತ್ತದೆ. ಬರೆದುಕೊಂಡೆ. ಉತ್ತರ ಬಂತು: ಫೋನಿನಲ್ಲಿ ಸಂದರ್ಶನ ಇರುತ್ತದೆ, 11/12/2024ರಂದು, ಮನಿಲಾ ಸಮಯ ಬೆಳಿಗ್ಗೆ 9 ಗಂಟೆಗೆ.

ಮನಿಲಾ ನಮಗಿಂತ ಎರಡೂವರೆ ತಾಸು ಮುಂದು. ಅಂದರೆ ನಮ್ಮ ಬೆಳಿಗ್ಗೆ ಆರೂವರೆ. ಈ ಲೆಕ್ಕವನ್ನು ಮೂರು ಸಲ ಮಾಡಿ, ಗ್ಲೋಬು ತಿರುಗಿಸಿ ನೋಡಿ, ಹೆಂಡತಿಗೂ ವಿವರಿಸಿ ಖಾತ್ರಿ ಮಾಡಿಕೊಂಡೆ. ಗೋಡೆಯ ಕ್ಯಾಲೆಂಡರಿನಲ್ಲಿ ಡಿಸೆಂಬರ್ ಹಾಳೆ ತೆಗೆದು 11ನೇ ತಾರೀಖಿಗೆ ಕೆಂಪು ಪೆನ್ನಿನಿಂದ ಸುತ್ತು ಹಾಕಿದೆ. ಇನ್ನೂ ತಿಂಗಳ ಮೇಲೆ ಟೈಮಿದೆ ಎಂದುಕೊಂಡು ಅಕ್ಕನ ಊರಿಗೆ ಹೊರಟೆ.

ಅಕ್ಕನನ್ನು ಕೊಟ್ಟಿದ್ದು ಸೊಲ್ಲಾಪುರಕ್ಕೆ. ಭಾವ ಸೆಂಟ್ರಲ್ ರೈಲ್ವೆಯಲ್ಲಿ ಡ್ರೈವರ್ ಆಗಿದ್ದವರು, 1976ರಿಂದ 2012ರ ತನಕ. ಕೊನೆಗೆ ನೆಲೆಸಿದ್ದು ಇಗತಪುರಿಯಲ್ಲಿ. ಮುಂಬೈ ಕಡೆಯಿಂದ ಬರುವ ಗಾಡಿಗಳು ಕಸಾರಾದಿಂದ ಥಳ್ ಘಾಟ್ ಹತ್ತಿ ಉಸಿರು ಬಿಡುವ ಊರು ಅದು. 1865ರಲ್ಲಿ ಸುರುವಾದ ಹಾದಿ. ಮೂವತ್ತೇಳು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ ಏರಬೇಕು. ಮುಂದಿನ ಎಂಜಿನ್ನಿಗೆ ಒಬ್ಬನೇ ಎಳೆಯಲಾಗುವುದಿಲ್ಲವೆಂದು ಕಸಾರಾದಲ್ಲಿ ಹಿಂದಿನಿಂದ ದಬ್ಬುವ ಎಂಜಿನ್ ಜೋಡಿಸುತ್ತಾರೆ. ಅದಕ್ಕೆ ಬ್ಯಾಂಕರ್ ಎನ್ನುತ್ತಾರೆ. ಭಾವ ಬಹಳ ವರ್ಷ ಬ್ಯಾಂಕರ್ ನಡೆಸಿದವರು. ‘ಮುಂದಿನ ಎಂಜಿನ್ನಿಗಿ ಹೆಸರು, ಹಿಂದಿನ ಎಂಜಿನ್ನಿಗಿ ದಮ್ಮು’ ಎಂಬುದು ಅವರ ಮಾತು. ಅಕ್ಕ ಈ ಮಾತು ಬಂದಾಗಲೆಲ್ಲ ಅಡಿಗೆಮನೆಯಿಂದ ಒಮ್ಮೆ ಕೆಮ್ಮುತ್ತಾಳೆ.

ಆ ಸಲ ದೀಪಾವಳಿಯ ಭಾವುಬೀಜ ನವೆಂಬರ್ 3ಕ್ಕೆ ಬಂದಿತ್ತು. ಸೊಲ್ಲಾಪುರ, ದೌಂಡ್, ಮನ್ಮಾಡ್ ದಾಟಿ ಹೋಗಿ ಅಕ್ಕನಿಂದ ಆರತಿ ಮಾಡಿಸಿಕೊಂಡು, ತಟ್ಟೆಗೆ ಐನೂರು ಹಾಕಿ, ‘ಮುಂದಿನ ವರ್ಷ ಡಾಲರಿನಾಗ ಹಾಕ್ತೀನಿ’ ಎಂದೆ.

ಮರುದಿನ ಮುಂಜಾನೆ ಭಾವ ಪಡಸಾಲೆಯಲ್ಲಿ ಟೋಪಿ ತೆಗೆದು, ತಲೆ ಬಾಚಿ, ಮೊಬೈಲನ್ನು ಮುಖದ ಮುಂದೆ ಹಿಡಿದು ಕುಳಿತಿದ್ದರು. ನವೆಂಬರ್ ಎಂದರೆ ಪಿಂಚಣಿದಾರರು ತಾವು ಜೀವಂತ ಇದ್ದೇವೆಂದು ಸರ್ಕಾರಕ್ಕೆ ತಿಳಿಸುವ ತಿಂಗಳು. ಮೊದಲು ಬ್ಯಾಂಕಿನಲ್ಲಿ ಪಾಳಿ ಹಚ್ಚಿ ಸಹಿ ಹಾಕಬೇಕಿತ್ತು. 2014ರಲ್ಲಿ ಹೆಬ್ಬೆಟ್ಟು ಒತ್ತುವ ‘ಜೀವನ್ ಪ್ರಮಾಣ್’ ಬಂತು. ಆದರೆ ಭಾವ ಮೂವತ್ತಾರು ವರ್ಷ ಎಂಜಿನ್ನಿನ ಹಿಡಿಕೆ ತಿರುಗಿಸಿದವರು. ಬೆರಳಿನ ಗೆರೆಗಳೆಲ್ಲ ಘಾಟಿನಲ್ಲೇ ಸವೆದುಹೋಗಿವೆ. ಯಂತ್ರ ಅವರ ಹೆಬ್ಬೆಟ್ಟನ್ನು ನಾಲ್ಕು ಸಲ ನೆಕ್ಕಿ ನೋಡಿ ಇಂಥವರು ಗೊತ್ತಿಲ್ಲ ಎನ್ನುತ್ತಿತ್ತು. 2021ರಲ್ಲಿ ಮುಖ ನೋಡಿ ಗುರುತು ಹಿಡಿಯುವ ವ್ಯವಸ್ಥೆ ಬಂದ ಮೇಲೆ ಅವರ ಕಷ್ಟ ತೀರಿತು. ಮೊಬೈಲು ‘ಕಣ್ಣು ಮಿಟುಕಿಸಿ’ ಎನ್ನುತ್ತದೆ. ಭಾವ ಮಿಟುಕಿಸಿದರು.

‘ಮುಗೀತು. ಇನ್ನೊಂದ್ ವರ್ಷ ಜೀವಂತ’ ಎಂದು ಟೋಪಿ ಹಾಕಿಕೊಂಡರು.

‘ಇಷ್ಟೇನಾ ಭಾವಾ? ಸರ್ಕಾರಕ್ಕ ಕಣ್ಣು ಹೊಡದ್ರ ರೊಕ್ಕ ಕೊಡ್ತಾರ?’

‘ನಿಮ್ಮ ಅಮೆರಿಕಾದಾಗ ಏನ್ ಮಾಡ್ತಾರಪ್ಪಾ?’

‘ಸಂದರ್ಶನ ಇರ್ತೈತಿ’ ಎಂದೆ, ಕಲೆಕ್ಟರ್ ಹುದ್ದೆಗೆ ಹೋಗುವವನ ಗತ್ತಿನಲ್ಲಿ. ‘ಫೋನ್ ಮ್ಯಾಲ. ಇಂಗ್ಲಿಷ್‌ನಾಗ.’

ಇಗತಪುರಿಯ ಗುಡ್ಡದ ಮೇಲೆ ಧಮ್ಮಗಿರಿ ಇದೆ. ಸತ್ಯನಾರಾಯಣ ಗೋಯೆಂಕಾ ಅವರು 1976ರಿಂದ ವಿಪಶ್ಯನಾ ಎಂಬ ಬೌದ್ಧ ಧ್ಯಾನದ ಶಿಬಿರಗಳನ್ನು ನಡೆಸತೊಡಗಿದ ಕೇಂದ್ರ. ಹತ್ತು ದಿನ ಮಾತಿಲ್ಲ, ಓದಿಲ್ಲ, ಬರಹವಿಲ್ಲ, ಫೋನಿಲ್ಲ, ಬೆಳಿಗ್ಗೆ ನಾಲ್ಕಕ್ಕೆ ಗಂಟೆ. ನನ್ನ ಹೆಸರನ್ನು ಎರಡು ತಿಂಗಳ ಹಿಂದೆ ಹೆಂಡತಿಯೇ ಬರೆಸಿದ್ದಳು. ಹತ್ತು ದಿನ ನಾನು ಮಾತಾಡುವುದಿಲ್ಲ ಎಂಬ ಒಂದು ಸಾಲು ಓದಿ ಆಕೆಗೆ ಬುದ್ಧ ಇಷ್ಟವಾಗಿದ್ದ.

ನವೆಂಬರ್ 6ರ ಸಂಜೆ ಭಾವ ಸ್ಕೂಟರಿನಲ್ಲಿ ಬಿಡಲು ಬಂದರು. ಮೊಬೈಲನ್ನು ಅಲ್ಲಿಯೇ ಜಮಾ ಮಾಡಬಹುದಿತ್ತು. ನಾನು ಮಾತ್ರ ಬುದ್ಧ ಕುದುರೆಯನ್ನು ಸಾರಥಿಗೆ ಒಪ್ಪಿಸಿದ ಗಾಂಭೀರ್ಯದಲ್ಲಿ ಅದನ್ನು ಭಾವನ ಕೈಗಿಟ್ಟೆ. ‘ಯಾರ ಫೋನ್ ಬಂದ್ರೂ ಇಷ್ಟು ಹೇಳ್ರಿ ಭಾವಾ. ಹತ್ತು ದಿನ ಅವ ಮಾತಾಡಂಗಿಲ್ಲ, ಓದಂಗಿಲ್ಲ, ಬರ್ಯಂಗಿಲ್ಲ. ಹದಿನೇಳಕ್ಕ ಬರ್ತಾನ.’

ಭಾವ ಸಿಗ್ನಲ್ ನೋಡಿ ಬದುಕಿದ ಮನುಷ್ಯ. ಹೇಳಿದ್ದನ್ನು ಹೇಳಿದಂತೆಯೇ ಮಾಡುವವರು. ನನ್ನ ಗತಿಗೆ ಅದೇ ಕಾರಣವಾಯಿತು.

ಮೊದಲ ಮೂರು ದಿನ ಮೂಗಿನ ಹೊಳ್ಳೆಯಲ್ಲಿ ಉಸಿರು ಬಂದು ಹೋಗುವುದನ್ನು ನೋಡುವ ಕೆಲಸ. ನಾಲ್ಕನೆಯ ದಿನದಿಂದ ಮನಸ್ಸನ್ನು ನೆತ್ತಿಯಿಂದ ಅಂಗಾಲಿನವರೆಗೆ ಒಂದೊಂದೇ ಭಾಗದ ಮೇಲೆ ಸಾಗಿಸಬೇಕು, ಎಲ್ಲೂ ನಿಲ್ಲಬಾರದು. ನನ್ನ ಮನಸ್ಸು ನೆತ್ತಿಯಿಂದ ಚೆನ್ನಾಗಿಯೇ ಹೊರಡುತ್ತಿತ್ತು. ಕೊರಳು, ಭುಜ ದಾಟಿ ಎದೆಗೆ ಇಳಿದು, ಅಂಗಿಯ ಕಿಸೆ ಇರುವ ಜಾಗದಲ್ಲಿ ಎಂಜಿನ್ ಬದಲಿಸುವವರ ಹಾಗೆ ನಿಂತುಬಿಡುತ್ತಿತ್ತು. ಸಾವಿರದ ಇನ್ನೂರು ಗುಣಿಲೆ ಎಂಬತ್ತನಾಲ್ಕು.

ರಾತ್ರಿ ಪ್ರವಚನದಲ್ಲಿ ಗೋಯೆಂಕಾ ಅವರ ಧ್ವನಿ ಕೇಳಿಸುತ್ತಾರೆ. ಅವರ ಗುರು ಬರ್ಮಾದ ಸಯಾಜಿ ಊ ಬಾ ಖಿನ್. ಸನ್ಯಾಸಿಯಲ್ಲ, ಸಂಸಾರಿ, ಸ್ವತಂತ್ರ ಬರ್ಮಾದ ಅಕೌಂಟೆಂಟ್ ಜನರಲ್ ಆಗಿದ್ದವರು. ನಿವೃತ್ತಿಯ ವಯಸ್ಸು ದಾಟಿದರೂ ಸರ್ಕಾರ ಬಿಡದೆ ವರ್ಷಗಟ್ಟಲೆ ಕೆಲಸದಲ್ಲಿ ಇಟ್ಟುಕೊಂಡ ಅಧಿಕಾರಿ. ಇದು ಗೊತ್ತಾದಾಗ ನನಗೆ ಬಂದ ಧೈರ್ಯ ಹೇಳತೀರದು. ಪರಮಗುರುಗಳೇ ಲೆಕ್ಕಪತ್ರದವರು. ಪಿಂಚಣಿಯ ಯೋಚನೆ ಧ್ಯಾನಕ್ಕೆ ಅಡ್ಡಿ ಬರುವುದಾದರೂ ಹೇಗೆ ಎಂದು ನನ್ನನ್ನು ನಾನೇ ಕ್ಷಮಿಸಿಕೊಂಡೆ.

ಆರನೆಯ ದಿನ. ಬೆಳಗಿನ ಜಾವದ ಕತ್ತಲೆ. ಮಂಡಿ ಯಾರದೋ ಎನ್ನುವಂತೆ ನೋಯುತ್ತಿತ್ತು. ನೋವನ್ನು ಮರೆಯಲು ಮನಸ್ಸು ಹಳೆಯ ನೆನಪುಗಳ ಗಂಟು ಬಿಚ್ಚಿತು. ಅಮೆರಿಕದ ಹಿಮ, ಅಮೆರಿಕದ ಆಫೀಸು, 2001ರ ಸೆಪ್ಟೆಂಬರಿನ ಆ ಮಂಗಳವಾರ ಎಲ್ಲರೂ ಟಿವಿಯ ಮುಂದೆ ಕಲ್ಲಾಗಿ ನಿಂತದ್ದು. ಆ ದಿನವನ್ನು ಇಡೀ ಲೋಕ ಕರೆಯುವುದು ನೈನ್ ಇಲೆವೆನ್ ಎಂದು. ಒಂಬತ್ತು ಅಂದರೆ ಸೆಪ್ಟೆಂಬರ್. ಹನ್ನೊಂದು ಅಂದರೆ ತಾರೀಖು. ಅವರು ತಿಂಗಳು ಮೊದಲು ಬರೆಯುತ್ತಾರೆ.

ತಿಂಗಳು ಮೊದಲು ಬರೆಯುತ್ತಾರೆ!

ಹನ್ನೊಂದು ಅಂದರೆ ನವೆಂಬರ್. ಹನ್ನೆರಡು ಅಂದರೆ... ಶಿಬಿರದಲ್ಲಿ ಕ್ಯಾಲೆಂಡರಿಲ್ಲ. ಬೆರಳು ಮಡಚಿ ಎಣಿಸಿದೆ. ಆರರ ಸಂಜೆ ಬಂದದ್ದು, ಏಳು ಮೊದಲನೆಯ ದಿನ, ಇವತ್ತು ಆರನೆಯ ದಿನ. ಹನ್ನೆರಡು. ಹನ್ನೊಂದು ವರ್ಷ ಆ ದೇಶದ ಚೆಕ್ಕುಗಳ ಮೇಲೆ, ಟ್ಯಾಕ್ಸಿನ ಕಾಗದಗಳ ಮೇಲೆ ತಿಂಗಳು ಮೊದಲು ಬರೆದವನು ನಾನು. ಇಪ್ಪತ್ತು ವರ್ಷ ‘ನಾವು ಅಲ್ಲಿದ್ದಾಗ’ ಎಂದು ಊರಿಗೆಲ್ಲ ಹೇಳಿದವನು. ತಾರೀಖು ಓದುವ ಹೊತ್ತಿಗೆ ಮಾತ್ರ ಅಪ್ಪಟ ವಿಜಯಪುರದವನಾಗಿದ್ದೆ.

ಮೆಲ್ಲಗೆ ಎದ್ದು ಹೊರಬಂದೆ. ಬಾಗಿಲಲ್ಲಿ ಧರ್ಮಸೇವಕನೊಬ್ಬ ನಿಂತಿದ್ದ. ಇಪ್ಪತ್ತೈದರ ಹುಡುಗ, ಮುಖದ ತುಂಬ ಕರುಣೆ. ಅಗತ್ಯವಿದ್ದರೆ ಸೇವಕರ ಜೊತೆ ಮೆಲುದನಿಯಲ್ಲಿ ಮಾತಾಡಬಹುದು. ಐದು ದಿನ ಸುಮ್ಮನಿದ್ದ ಗಂಟಲಿನಿಂದ ದನಿ ಬರುವ ಬದಲು ಹಳೆಯ ಹ್ಯಾಂಡ್‌ಪಂಪಿನ ಸದ್ದು ಬಂತು.

‘ಒಂದು ಫೋನ್ ಮಾಡಬೇಕು’ ಎಂದೆ ಹಿಂದಿಯಲ್ಲಿ.

ಅವನು ಗಾಬರಿಯಾದ. ‘ಮನೆಯಲ್ಲಿ ಯಾರಿಗಾದರೂ ಹೆಚ್ಚುಕಮ್ಮಿಯೇ?’

‘ಇಲ್ಲ, ನಾನು ಇದ್ದೇನೆ ಅಂತ ಒಬ್ಬರಿಗೆ ಹೇಳಬೇಕು.’

ಆರನೆಯ ದಿನ ‘ನಾನು ಇದ್ದೇನೆ’ ಎಂದು ಕೂಗುವ ಸಾಧಕರು ಅವನಿಗೆ ಹೊಸಬರಲ್ಲ ಎಂದು ಕಾಣುತ್ತದೆ. ಅಷ್ಟೇ ಕರುಣೆಯಿಂದ, ಮಧ್ಯಾಹ್ನ ಹನ್ನೆರಡಕ್ಕೆ ಆಚಾರ್ಯರನ್ನು ಕಾಣಿರಿ, ಹೆಸರು ಬರೆದುಕೊಳ್ಳುತ್ತೇನೆ ಎಂದ. ಅಷ್ಟರಲ್ಲಿ ಗಂಟೆ ಬಾರಿಸಿತು. ಆರೂವರೆ. ಅದು ನಾಷ್ಟಾದ ಗಂಟೆ. ತಟ್ಟೆ ಹಿಡಿದು ಪಾಳಿಯಲ್ಲಿ ನಿಂತೆ. ಗುಡ್ಡದ ಕೆಳಗೆಲ್ಲೋ ನನ್ನ ಫೋನು ರಿಂಗಾಗುತ್ತಿತ್ತು. ನನಗದು ಹೊಟ್ಟೆಯೊಳಗೆ ಕೇಳಿಸುತ್ತಿತ್ತು. ಶರೀರದ ಸಂವೇದನೆಗಳನ್ನು ಗುರುತಿಸುವುದು ನನಗೆ ಸಿದ್ಧಿಸಿದ್ದು ಆ ಗಳಿಗೆಯಲ್ಲಿ.

ಹನ್ನೆರಡಕ್ಕೆ ಆಚಾರ್ಯರ ಮುಂದೆ ಕುಳಿತೆ. ಶಾಂತ ಮುಖ. ‘ಹೇಳಿ, ಏನು ತೊಂದರೆ?’ ಎಂದರು. ಹೇಳಲು ಬಾಯಿ ತೆರೆದೆ. ಸುತ್ತ ಆ ನಿಶ್ಶಬ್ದ, ಎದುರಿಗೆ ಆ ಕಣ್ಣು. ಎಲ್ಲವೂ ಅನಿತ್ಯ, ಎಲ್ಲವೂ ಅನಿತ್ಯ ಎಂದು ಆರು ದಿನ ಕೇಳಿದ ಮೇಲೆ ‘ಸ್ವಾಮಿ, ನನಗೆ ಶಾಶ್ವತ ಪಿಂಚಣಿ ಬೇಕು, ಡಾಲರಿನಲ್ಲಿ’ ಎನ್ನಲು ನಾಲಿಗೆ ಏಳಲಿಲ್ಲ.

‘ಮಂಡಿ ನೋವು’ ಎಂದೆ.

ಶಿಬಿರಕ್ಕೆ ಸೇರುವಾಗ ಸುಳ್ಳಾಡುವುದಿಲ್ಲವೆಂದು ಶೀಲ ತೆಗೆದುಕೊಂಡಿದ್ದೆ. ತಾಂತ್ರಿಕವಾಗಿ ಇದು ಸುಳ್ಳಲ್ಲ, ಮಂಡಿ ನೋಯುತ್ತಲೇ ಇತ್ತು. ಅವರು ಒಂದು ಕುರ್ಚಿ ಕೊಡಿಸಿದರು. ಫೋನು ಕೇಳಲು ಹೋದವನು ಕುರ್ಚಿಯಲ್ಲಿ ಕುಳಿತು ಉಳಿದ ದಿನಗಳನ್ನು ಕಳೆದೆ. ಅದೊಂದೇ ಆ ತಿಂಗಳು ನನಗೆ ಮಂಜೂರಾದ ನಿವೃತ್ತಿ ಸೌಲಭ್ಯ.

ಹದಿನೇಳರ ಮುಂಜಾನೆ ಚೀಲ ಹೊತ್ತು ಓಡುತ್ತಲೇ ಅಕ್ಕನ ಮನೆ ಸೇರಿದೆ. ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಆರತಿ ಮಾಡಿದ ಮುಖ ಇದಲ್ಲ.

‘ಮನಿಲಾ ಯಾರೋ?’

ನಾನು ಉತ್ತರಿಸುವ ಮೊದಲೇ ಭಾವ ಒಳಗಿನಿಂದ ಬಂದರು. ‘ಹನ್ನೆರಡನೇ ತಾರೀಖು ಮುಂಜಾನೆ ಮುಂಜಾನೆ ಯಾರೋ ಮನಿಲಾ ಅಂತ ಹೆಣ್ಮಗಳು ಫೋನ್ ಮಾಡಿದ್ಳು ನೋಡು. ಬಾಳ ಸಭ್ಯ ಹೆಣ್ಮಗಳು.’

‘ಅರವತ್ತಾರು ದಾಟ್ಯಾವ ನಿನಗ’ ಎಂದಳು ಅಕ್ಕ. ‘ನಾ ಆವತ್ತೇ ನಿನ್ನ ಹೇಣ್ತಿಗಿ ಫೋನ್ ಮಾಡಿ ಹೇಳೀನಿ.’

‘ಆಕಿ ಏನಂದ್ಳು?’

‘ಮನಿಲಾ ಆಗ್ಲಿ ಲೀಲಾ ಆಗ್ಲಿ, ಕರಕೊಂಡು ಹೋಗೂದಿದ್ರ ಹೇಳ್ರಿ, ಅವ್ರ ಬೀಪಿ ಗುಳಿಗಿ ಡಬ್ಬಿ ಸೈತ ಕಳಸ್ತೀನಿ ಅಂದ್ಳು.’

ಮನಿಲಾ ಹೆಣ್ಣಲ್ಲ, ಊರು ಎಂದು ಅಕ್ಕನಿಗೆ ನಕಾಶೆ ತೆಗೆದು ತೋರಿಸುವಷ್ಟರಲ್ಲಿ ಎರಡು ಚಹಾ ಆದವು. 1,200ನ್ನು 84ರಿಂದ ಗುಣಿಸಿ ತೋರಿಸಿದ ಮೇಲೆ ನಂಬಿದಳು. ಆಮೇಲೆ ನಾನು ಭಾವನ ಕಡೆ ತಿರುಗಿ, ಆಕೆಗೆ ಏನು ಹೇಳಿದಿರಿ ಎಂದು ಕೇಳಿದೆ.

‘ನೀ ಹೇಳಿದ್ದನ್ನ ಹೇಳ್ದೆ. ಆಕಿ ನಿನ್ನ ಹೆಸರು ಹೇಳಿ ಅದಾನೇನು ಅಂತ ಕೇಳಿದ್ಳು. ನಾ ಅಂದೆ, ಹೀ ಈಸ್ ದೇರ್, ಬಟ್ ಹೀ ಈಸ್ ನಾಟ್ ಹಿಯರ್.’

‘ಆಮ್ಯಾಲ?’

‘ಮಾತಾಡಲಿಕ್ಕಿ ಆಗ್ತೈತೇನು ಅಂದ್ಳು. ನೋ ಟಾಕಿಂಗ್, ನೋ ರೀಡಿಂಗ್, ನೋ ರೈಟಿಂಗ್, ಐಸ್ ಆಲ್ಸೋ ಕ್ಲೋಸ್ಡ್ ಅಂದೆ. ಪಾಪ, ಆಕಿ ದನಿ ಸಣ್ಣದಾತು. ಐ ಆ್ಯಮ್ ಸೋ ಸಾರಿ ಅಂದ್ಳು.’

ನನಗೆ ಬೆವರಿತು. ‘ನೀವೇನಂದ್ರಿ?’

‘ನೋ ಸಾರಿ ಮೇಡಂ, ಹೀ ವೆಂಟ್ ವೆರಿ ಹ್ಯಾಪಿಲಿ ಅಂದೆ. ಯಾವಾಗ ಅಂತ ಕೇಳಿದ್ಳು. ಲಾಸ್ಟ್ ವೆಡ್ನಸ್‌ಡೇ ಈವ್ನಿಂಗ್, ಐ ಓನ್ಲಿ ಡ್ರಾಪ್ಡ್ ಹಿಮ್, ಆನ್ ಸ್ಕೂಟರ್.’

‘ಭಾವಾ! ಹದಿನೇಳಕ್ಕ ಬರ್ತಾನ ಅಂತ ಹೇಳಲಿಲ್ಲೇನ್ರಿ?’

‘ಹೇಳ್ದೆನಲ್ಲಾ. ಡೋಂಟ್ ವರಿ, ಆನ್ ಸೆವೆಂಟೀನ್ತ್ ಮಾರ್ನಿಂಗ್ ಹೀ ವಿಲ್ ಕಮ್ ಬ್ಯಾಕ್ ಅಂದೆ. ಅದಕ್ಕ ಮಾತ್ರ ಆಕಿ ಬಾಳ ಹೊತ್ತು ಸುಮ್ನಾದ್ಳು.’

ಸುಮ್ಮನಾಗದೆ ಏನು ಮಾಡಿಯಾಳು? ಹೋದವನು ತಾರೀಖು ಹಾಕಿಕೊಂಡು ಹಿಂದಿರುಗುತ್ತಾನೆ ಎಂಬ ಭರವಸೆಯನ್ನು ಯಾವ ಕಚೇರಿಯ ಯಾವ ಫಾರಮ್ಮಿನಲ್ಲಿ ತುಂಬಲಿಕ್ಕಾಗುತ್ತದೆ? ಕೊನೆಗೆ ಆಕೆ ಇದು ಆಸ್ಪತ್ರೆಯ ಸಮಾಚಾರ ಇರಬೇಕೆಂದು ಊಹಿಸಿ ಸಮಾಧಾನ ಮಾಡಿಕೊಂಡಂತೆ ಕಾಣುತ್ತದೆ. ತಮ್ಮ ಹಣಕಾಸನ್ನು ಅವರು ತಾವೇ ನೋಡಿಕೊಳ್ಳಬಲ್ಲರೇ ಎಂದು ಕೇಳಿದ್ದಾಳೆ. ಅಮೆರಿಕದಲ್ಲಿ ಪಿಂಚಣಿದಾರನಿಗೆ ಬುದ್ಧಿ ಸ್ಥಿಮಿತ ಇಲ್ಲದಿದ್ದರೆ ಅವನ ದುಡ್ಡನ್ನು ಅವನ ಪರವಾಗಿ ತೆಗೆದುಕೊಂಡು ಖರ್ಚು ಮಾಡಲು ಇನ್ನೊಬ್ಬರನ್ನು ನೇಮಿಸುವ ಪದ್ಧತಿಯುಂಟು. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಕೊಟ್ಟವರು ಭಾವ.

‘ಖರೇನ ಹೇಳ್ದೆ. ನೋ ಮೇಡಂ, ನೆವರ್, ಫ್ರಮ್ ಮೈ ಮ್ಯಾರೇಜ್ ಡೇ ಐ ಆ್ಯಮ್ ಸೀಯಿಂಗ್. ಇಫ್ ಯು ವಾಂಟ್, ಐ ವಿಲ್ ಟೇಕ್ ಕೇರ್ ಅಂದೆ.’

ಆ ರಾತ್ರಿ ಮನಿಲಾಕ್ಕೆ ಪತ್ರ ಬರೆಯಲು ಕುಳಿತೆ. ‘ನಾನು ಬದುಕಿದ್ದೇನೆ’ ಎಂದು ಸುರು ಮಾಡಿದೆ. ಓದಿ ನೋಡಿದರೆ ಸತ್ತವನ ಹೆಸರಿನಲ್ಲಿ ಯಾರೋ ದುಡ್ಡು ಹೊಡೆಯಲು ಬರೆದ ಹಾಗಿತ್ತು. ಅಳಿಸಿ, ‘ನನ್ನ ಬುದ್ಧಿ ನೆಟ್ಟಗಿದೆ’ ಎಂದು ಬರೆದೆ. ಅದು ಇನ್ನೂ ಕೆಟ್ಟಿತು. ಬುದ್ಧಿ ನೆಟ್ಟಗಿರುವವನು ಅದನ್ನು ಯಾಕೆ ಬರೆಯುತ್ತಾನೆ? ‘ಹತ್ತು ದಿನ ಮೌನವಾಗಿ ಕಣ್ಣು ಮುಚ್ಚಿ ಕುಳಿತಿದ್ದೆ’ ಎಂದರೆ ಭಾವನ ಹೇಳಿಕೆಗೆ ಸಾಕ್ಷಿ ಕೊಟ್ಟಂತೆ. ಕೊನೆಗೆ ಸತ್ಯವನ್ನೇ ಬರೆದೆ: ತಾರೀಖು ತಪ್ಪಾಗಿ ಓದಿದೆ, ಕ್ಷಮಿಸಿ, ಇನ್ನೊಮ್ಮೆ ದಿನ ಕೊಡಿ, ದಯವಿಟ್ಟು ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ. ಉತ್ತರ ಸೌಜನ್ಯದಿಂದಲೇ ಬಂತು. ನವೆಂಬರ್ 26, ಅದೇ ಸಮಯ. ಅಲ್ಲಿಯವರೆಗೆ ಇಗತಪುರಿ ಬಿಟ್ಟು ಕದಲಲಿಲ್ಲ. ಸ್ನಾನಕ್ಕೆ ಹೋದರೂ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಡದ ಪಕ್ಕ ಇಟ್ಟುಕೊಳ್ಳುತ್ತಿದ್ದೆ.

26ರ ಬೆಳಗು. ಹೊರಗೆ ಮಂಜು, ಸ್ಟೇಷನ್ ಕಡೆಯಿಂದ ಸೀಟಿ. ಭಾವ ಸ್ವೆಟರ್ ಹಾಕಿ, ಡ್ಯೂಟಿಯ ಹಳೆಯ ಗಡಿಯಾರ ಕಟ್ಟಿ, ನನ್ನ ಹಿಂದೆ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ನನಗೆ ಒಂದು ಕಿವಿ ಮಂದ, ಹಾಗಾಗಿ ಸ್ಪೀಕರ್ ಹಾಕಲೇಬೇಕಾಯಿತು. ಆರೂವರೆಗೆ ಸರಿಯಾಗಿ ರಿಂಗಾಯಿತು. ಅದೇ ಹೆಣ್ಣುಮಗಳು. ನನ್ನ ದನಿ ಕೇಳಿ ಆಕೆಗೆ ನಿಜಕ್ಕೂ ಸಂತೋಷವಾದಂತೆ ಅನ್ನಿಸಿತು.

ಹೆಸರು, ಹುಟ್ಟಿದ ಊರು, ನಾಗರಿಕತ್ವ ಎಲ್ಲ ಸರಾಗ. ಸೈನ್ಯದಲ್ಲಿದ್ದಿರಾ ಎಂದರು, ಇಲ್ಲ ಎಂದೆ. ಮುಂದಿನ ಪ್ರಶ್ನೆ ಬಂತು. ನೀವಾಗಲಿ ನಿಮ್ಮ ಸಂಗಾತಿಯಾಗಲಿ ರೈಲ್ವೆಯಲ್ಲಿ ಐದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕೆಲಸ ಮಾಡಿದ್ದೀರಾ?

ಇದು ಕುಚೋದ್ಯವಲ್ಲ. ಅಮೆರಿಕದಲ್ಲಿ ರೈಲ್ವೆಯವರ ಪಿಂಚಣಿ 1930ರ ದಶಕದಿಂದಲೂ ಬೇರೆಯೇ ಮಂಡಳಿಯ ಪಾಲು. ಅದಕ್ಕೇ ಎಲ್ಲ ಅರ್ಜಿದಾರರಿಗೂ ಈ ಪ್ರಶ್ನೆ ಕೇಳುತ್ತಾರೆ. ಆದರೆ ನನ್ನ ಹಿಂದೆ ಕುಳಿತಿದ್ದವರು ಪಿಂಚಣಿಯ ಬಗ್ಗೆ ಯಾವ ಸರ್ಕಾರವೂ ತಮ್ಮನ್ನು ಇಷ್ಟು ನೇರವಾಗಿ ಕೇಳಿದ್ದನ್ನು ಕಂಡವರಲ್ಲ.

‘ಯಸ್ ಮೇಡಂ!’ ಎಂದು ಗುಡುಗಿದರು. ‘ಥರ್ಟಿಸಿಕ್ಸ್ ಇಯರ್ಸ್! ಥಳ್ ಘಾಟ್! ಒನ್ ಇನ್ ಥರ್ಟಿಸೆವೆನ್!’

ನಾನು ಕೈ ಅಡ್ಡ ಹಿಡಿದೆ. ಘಾಟಿನಲ್ಲಿ ಬ್ಯಾಂಕರ್ ಒಮ್ಮೆ ದಬ್ಬಲು ಸುರು ಮಾಡಿದರೆ ಮುಂದಿನವನ ಮಾತು ಕೇಳುವುದಿಲ್ಲ. ‘ನಾಟ್ ಎ ಸಿಂಗಲ್ ಆ್ಯಕ್ಸಿಡೆಂಟ್!’ ಎಂದರು.

ಮನಿಲಾದಲ್ಲಿ ಕೀಬೋರ್ಡಿನ ಸದ್ದು ನಿಂತಿತು. ಈ ಮಾತಾಡಿದವರು ನಾನಲ್ಲ, ನನ್ನ ಸಂಗಾತಿಯೂ ಅಲ್ಲ, ನನ್ನ ಅಕ್ಕನ ಗಂಡ, ಇವರು ದುಡಿದ ರೈಲ್ವೆ ಅಮೆರಿಕದ್ದಲ್ಲ, ಥಳ್ ಘಾಟ್ ಇರುವುದು ಮಹಾರಾಷ್ಟ್ರದಲ್ಲಿ ಎಂದು ತಿಳಿಸಿ ಹೇಳಲು ಹತ್ತು ನಿಮಿಷ ಬೇಕಾಯಿತು. ‘ಹದಿನೇಳನೇ ತಾರೀಖು ನೀವು ಹಿಂದಿರುಗುತ್ತೀರೆಂದು ಹೇಳಿದವರು ಇವರೇ ಅಲ್ಲವೆ?’ ಎಂದು ಆಕೆ ಕೇಳಿದರು. ಹೌದೆಂದೆ.

ಮದುವೆಯ ತಾರೀಖು ಕೇಳಿದರು. ಅಷ್ಟೆಲ್ಲ ಅನುಭವಿಸಿದ ಮೇಲೂ ನನ್ನ ಬಾಯಿಂದ ಬಂದದ್ದು ‘ಟ್ವೆಲ್ವ್ ಫೈವ್’ ಎಂದೇ. ಆಕೆ ಬರೆದುಕೊಳ್ಳುತ್ತ, ‘ಡಿಸೆಂಬರ್ 5’ ಎಂದು ಖಾತ್ರಿ ಮಾಡಿಕೊಂಡರು. ಗಾಬರಿಯಲ್ಲಿ ನಾನೂ ‘ಯಸ್’ ಎಂದುಬಿಟ್ಟೆ.

ಅಡಿಗೆಮನೆಯಿಂದ ಅಕ್ಕ ಸೌಟು ಹಿಡಿದುಕೊಂಡೇ ಬಂದಳು. ಇಂಗ್ಲಿಷ್ ಬಾರದ ಅಕ್ಕನಿಗೆ ಡಿಸೆಂಬರ್ ಎಂಬುದೊಂದು ತಿಳಿದಿತ್ತು. ‘ಏ ಹುಚ್ಚಪ್ಪಾ, ನಿನ್ನ ಮದುವ್ಯಾಗ ಎರಡು ಹಂಡೆ ಮಾವಿನಹಣ್ಣಿನ ಶೀಕರಣಿ ಮಾಡೀವಿ. ಡಿಸೆಂಬರ್‌ದಾಗ ಮಾವಿನಹಣ್ಣು ನಿಮ್ಮಪ್ಪ ಬೆಳೀತಾನೇನು?’

ನಾನು ಇದನ್ನು ಅನುವಾದಿಸಿ ಹೇಳಿದೆ. ಮೇ 12 ಎಂದು ದಾಖಲಾಯಿತು. ನಲವತ್ತು ಕ್ರೆಡಿಟ್ಟಿನ ಲೆಕ್ಕದಲ್ಲಿ ಸಿಕ್ಕಿಬೀಳದವನು ಶೀಕರಣಿಯಿಂದ ಪಾರಾದೆ.

ಕೊನೆಗೆ ಎರಡು ವಿಷಯ ತಿಳಿಸಿದರು. ಒಂದು, ನಾನು ಅಮೆರಿಕದ ನಾಗರಿಕನಲ್ಲ, ಅಲ್ಲಿ ವಾಸವೂ ಇಲ್ಲವಾದ್ದರಿಂದ ಪಿಂಚಣಿಯ ನೂರಕ್ಕೆ 85 ಭಾಗದ ಮೇಲೆ 30ರಂತೆ ತೆರಿಗೆ ಮುರಿಯುತ್ತಾರೆ. ಕೂಡಿದರೆ ನೂರಕ್ಕೆ 25.5. ನನ್ನ 1,200 ಕ್ಷಣದಲ್ಲಿ 894 ಆಯಿತು. ಮಠಕ್ಕೆಂದು ಇಟ್ಟ ಎಂಟು ನೂರು ಎಲ್ಲಕ್ಕಿಂತ ಮೊದಲು ಹೋಯಿತು. ‘ಬ್ರೇಕ್ ವ್ಯಾನ್ ಹಿಂದ ಇದ್ದೇ ಇರ್ತೈತಪ್ಪಾ’ ಎಂದರು ಭಾವ. ಎರಡನೆಯದು, ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಅಂಚೆಯಲ್ಲಿ ಒಂದು ಫಾರಂ ಬರುತ್ತದೆ, ತುಂಬಿ ಸಹಿ ಹಾಕಿ ಕಳಿಸಬೇಕು, ಕಳಿಸದಿದ್ದರೆ ಪಿಂಚಣಿ ನಿಲ್ಲುತ್ತದೆ.

‘ಅಂದ್ರ ನೀನೂ ಜೀವಂತ ಇದ್ದೀ ಅಂತ ಬರದು ಕೊಡೂದೈತಿ’ ಎಂದರು ಭಾವ, ಫೋನಿಟ್ಟ ಮೇಲೆ. ಅವರ ಮುಖದಲ್ಲಿ ವಿಜಯದ ಕಳೆ. ‘ನಿಂದು ಪೋಸ್ಟಿನಾಗ. ನಂದು ಕಣ್ಣಾಗ. ಯಾರ ಸರ್ಕಾರ ಮುಂದ ಐತಿ ಹೇಳು.’

ನನಗೆ ಉತ್ತರ ಇರಲಿಲ್ಲ. ‘ನಾವು ಅಲ್ಲಿದ್ದಾಗ’ ಎನ್ನಲು ಬಾಯಿ ತೆರೆದು, ಮೌನವ್ರತದ ಲಾಭ ನೆನೆದು ಮುಚ್ಚಿದೆ.

ಅಕ್ಕ ಇನ್ನೂ ಸೌಟು ಹಿಡಿದು ನಿಂತೇ ಇದ್ದಳು. ‘ನಿಮ್ಮಿಬ್ಬರನ್ನ ಎರಡು ಸರ್ಕಾರ ಕೇಳ್ತಾವ, ಅದೀರೇನ್ರೋ ಅಂತ. ಈ ಮನ್ಯಾಗ ನನ್ನ ಯಾರು ಕೇಳ್ತೀರಿ?’

ಪಡಸಾಲೆಯಲ್ಲಿ ಶಿಬಿರದ ಮೌನ. ಭಾವ ಒಂದು ಕ್ಷಣ ತಡೆದು, ಮೊಬೈಲನ್ನು ಎತ್ತಿ ಅಕ್ಕನ ಮುಖದ ಮುಂದೆ ಹಿಡಿದರು. ‘ತಗೋ, ಕಣ್ಣು ಮಿಟುಕ್ಸು’ ಎಂದರು.

ಅಕ್ಕ ಮಿಟುಕಿಸಲಿಲ್ಲ. ಸೌಟನ್ನು ಟೀಪಾಯಿಯ ಮೇಲಿಟ್ಟು, ನನಗೆಂದು ಹಾಕಿದ್ದ ಕುರ್ಚಿಯಲ್ಲಿ ಕುಳಿತು, ಕಾಲು ಮೇಲೆ ಮಾಡಿಕೊಂಡಳು.

‘ಮಿಟುಕ್ಸಂಗಿಲ್ಲ. ಇವತ್ತು ಚಾ ಆಗಂಗಿಲ್ಲ, ನಾಷ್ಟಾ ಆಗಂಗಿಲ್ಲ. ಹತ್ತು ಗಂಟೇಕ ನಿಮಗ ಗೊತ್ತಾಗ್ತೈತಿ, ನಾ ಅದೀನೋ ಇಲ್ಲೋ ಅಂತ.’

ಹತ್ತು ಗಂಟೆಯ ತನಕ ಕಾಯುವ ಪ್ರಸಂಗ ಬರಲಿಲ್ಲ. ಏಳೂಮುಕ್ಕಾಲಿಗೇ ಗೊತ್ತಾಯಿತು. ಸಕ್ಕರೆ ಡಬ್ಬಿ ಹುಡುಕುತ್ತ ಅಡಿಗೆಮನೆಯಲ್ಲಿ ಭಾವ ಮುಂದೆ ಇದ್ದರು, ನಾನು ಹಿಂದಿನಿಂದ ದಬ್ಬುತ್ತಿದ್ದೆ.